ಎದೆಬಡಿತ ಸರಿಹೋಯ್ತು, ಇನ್ನೂ ಮಾತ್ರೆ ಯಾಕೆ?

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಿವೃತ್ತ ಮೇಷ್ಟ್ರು, ವಯಸ್ಸು 67. ಬಿಪಿ, ಶುಗರ್ ಎರಡೂ ಇವೆ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ನಾಲ್ಕು ತಿಂಗಳ ಹಿಂದೆ ಅಬ್ಲೇಷನ್, ಅಂದರೆ ಲಯ ಕೆಡಿಸುವ ಜಾಗವನ್ನು ಹೃದಯದೊಳಗೇ ನಿಷ್ಕ್ರಿಯ ಮಾಡುವ ಚಿಕಿತ್ಸೆ, ಮಾಡಿಸಿದ್ದರು. ಆಮೇಲೆ ಎದೆ ಡವಡವ ನಿಂತಿತು. ಒಂದು ದಿನ ಹೃದಯದ ಮಾತ್ರೆಗಳನ್ನೆಲ್ಲ ಸುಮ್ನೆ ಬಿಟ್ಟುಬಿಟ್ಟರು. ಹೆಂಡತಿಗೆ ಗೊತ್ತಾಗಿದ್ದು ಮೂರು ದಿನದ ಮೇಲೆ.

"ರಿಪೇರಿ ಆದಮೇಲೂ ಮಾತ್ರೆ ನುಂಗಬೇಕಂದ್ರೆ ಅಷ್ಟು ಖರ್ಚು ಯಾಕೆ ಮಾಡ್ಬೇಕಿತ್ತು?" ಎಂದು ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು, ಯಾವುದು ಯಾಕೆ ಎಂದು ಯಾರೂ ಕೂತು ಹೇಳಿರಲಿಲ್ಲ.

ಡೋಸ್ ಹೇಳುವುದು ನನ್ನಂಥ ಆಪ್ತಸಲಹೆಗಾರರ ಕೆಲಸವಲ್ಲ. ಮಾತಿಗೆ ಮೊದಲು ಅವರ ಡಾಕ್ಟರ್‌ಗೆ ಫೋನ್ ಮಾಡಿಸಿದೆ. ಇವತ್ತಿನಿಂದಲೇ ಮೊದಲಿನಂತೆ ಶುರು ಮಾಡಿ, ಬಿಟ್ಟಿದ್ದಕ್ಕೆ ಎರಡೆರಡು ನುಂಗಬೇಡಿ, ಈ ವಾರವೇ ಬನ್ನಿ ಎಂದರು. ಆಮೇಲೆ ಮಾತ್ರೆಪಟ್ಟಿಗಳನ್ನು ಮೇಜಿನ ಮೇಲಿಟ್ಟು ಕೂತೆವು.

ಮೊದಲನೆಯದು ಅಮಿಯೋಡರೋನ್. ಲಯ ಕಾಯುವುದು ಇದರ ಕೆಲಸ. ಅಬ್ಲೇಷನ್ ಆದ ಎರಡು-ಮೂರು ತಿಂಗಳಿಗೆ ಡಾಕ್ಟರುಗಳು ಇದನ್ನು ನಿಲ್ಲಿಸುವುದುಂಟು. ಥೈರಾಯ್ಡ್, ಲಿವರ್‌ಗೆ ತೊಂದರೆ ಕೊಡಬಹುದಾದ್ದರಿಂದ ಬೇಗ ಬಿಡಿಸಿದರೆ ಅವರಿಗೂ ಸಮಾಧಾನ. ಆದರೆ ಬಿಟ್ಟ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ ಔಷಧಿ ಇದು. "ಮೂರು ದಿನ ಬಿಟ್ಟೆ, ಏನೂ ಆಗ್ಲಿಲ್ವಲ್ಲ" ಎಂಬ ಅವರ ವಾದ ಇದರಿಂದಲೇ ನಿಲ್ಲುವುದಿಲ್ಲ.

ಎರಡನೆಯದು ಮೆಟೊಪ್ರೊಲೋಲ್. ಬಡಿತದ ವೇಗ ತಗ್ಗಿಸುತ್ತದೆ, ಬಿಪಿಗೂ ಆಗುತ್ತದೆ. ಇದನ್ನು ದಿಢೀರನೆ ಬಿಟ್ಟರೆ ಬಡಿತ, ಬಿಪಿ ಎರಡೂ ಒಮ್ಮೆಲೆ ಏರಬಹುದು. ನಿಲ್ಲಿಸುವುದಾದರೆ ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಮೂರನೆಯದು ಎಪಿಕ್ಸಬಾನ್, ರಕ್ತ ತೆಳುವಾಗಿಸುವ ಮಾತ್ರೆ. ಮೇಷ್ಟ್ರಿಗೆ ಸಿಟ್ಟಿದ್ದಿದ್ದು ಇದರ ಮೇಲೆ. ಹಲ್ಲುಜ್ಜಿದರೆ ರಕ್ತ, ಕೈಯಲ್ಲಿ ನೀಲಿ ಕಲೆ, ಮದುವೆಮನೆಯಲ್ಲಿ ಎಲ್ಲರೂ "ಏನಾಯ್ತು?" ಅನ್ನೋದು. ಲಯಕ್ಕೂ ಈ ಮಾತ್ರೆಗೂ ಸಂಬಂಧವೇ ಇಲ್ಲ ಎಂದಾಗ ತಲೆಯೆತ್ತಿ ನೋಡಿದರು. ಹೃದಯದ ಎಡ ಮೇಲ್ಕೋಣೆಗೆ ಒಂದು ಪುಟ್ಟ ಚೀಲವಿದೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಈ ಮಾತ್ರೆಯ ಕಾವಲು ಬಿಟ್ಟ ಒಂದೆರಡು ದಿನಕ್ಕೇ ಮುಗಿಯುತ್ತದೆ. ಅಬ್ಲೇಷನ್ ಆದವರೆಲ್ಲ ಕನಿಷ್ಠ ಎರಡು-ಮೂರು ತಿಂಗಳು ತೆಗೆದುಕೊಳ್ಳಬೇಕು. ಆಮೇಲೆ ಮುಂದುವರಿಸುವುದು ಎದೆಬಡಿತ ನೋಡಿ ಅಲ್ಲ, ಲಕ್ವದ ಅಪಾಯದ ಅಂಕ ನೋಡಿ. ಅವರೇ ಬೆರಳು ಮಡಚಿದರು: 65 ದಾಟಿದ್ದಕ್ಕೆ 1, ಬಿಪಿಗೆ 1, ಶುಗರ್‌ಗೆ 1. ಗಂಡಸರಿಗೆ 2 ಬಂದರೇ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಲಯ ಮತ್ತೆ ತಪ್ಪಿದರೂ ಕೆಲವರಿಗೆ ಗೊತ್ತೇ ಆಗುವುದಿಲ್ಲ ಅನ್ನೋದೂ ಇದೆ.

"ಬದಲಿಗೆ ಆಸ್ಪಿರಿನ್ ಸಾಕಂತಲ್ಲ?" ಪಕ್ಕದ ಮನೆಯವರ ಸಲಹೆ. ಈ ಲಕ್ವ ತಡೆಯಲು ಅದು ಎಪಿಕ್ಸಬಾನ್‌ನಷ್ಟು ಕೆಲಸ ಮಾಡುವುದಿಲ್ಲ. ಮಂಡಿನೋವಿಗೆ ಅಂಗಡಿಯಿಂದ ತಾವೇ ತರುತ್ತಿದ್ದ ಡೈಕ್ಲೋಫೆನಾಕ್ ಕೂಡ ಬಯಲಾಯಿತು! ಎಪಿಕ್ಸಬಾನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಿಸುವ ಜೋಡಿ ಅದು. ಡಾಕ್ಟರ್‌ಗೆ ಕೇಳಬೇಕಾದ್ದರಲ್ಲಿ ಅದನ್ನು ಮೇಲೆಯೇ ಬರೆಸಿದೆ.

ಹೆಂಡತಿ, ಮಗಳ ಜೊತೆ ಬೇರೆ ಮಾತಾಡಿದೆ. ದಿನಕ್ಕೆ ಹತ್ತು ಸಲ "ಮಾತ್ರೆ ತಗೊಂಡ್ರಾ?" ಅನ್ನೋದು ನಿಲ್ಲಲಿ, ವಾರದ ಡಬ್ಬಿಯನ್ನು ಅವರೇ ತುಂಬಿಕೊಳ್ಳಲಿ. ನನ್ನ ಪ್ರಕಾರ ಅರ್ಧ ಹಠ ಈ ಕಾವಲಿನ ಮೇಲಿನದು. ಬಾಯಿ ಸೊಟ್ಟಗಾದರೆ, ಕೈಯಲ್ಲಿ ಬಲ ಹೋದರೆ, ಮಾತು ತೊದಲಿದರೆ ಕಾಯದೆ 108ಕ್ಕೆ ಕರೆ ಮಾಡಬೇಕು ಎಂದೂ ಹೇಳಿದೆ.

ಡಾಕ್ಟರ್ ಇಸಿಜಿ, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ನೋಡಿ ಅಮಿಯೋಡರೋನ್ ನಿಲ್ಲಿಸಿದರು, ಮೆಟೊಪ್ರೊಲೋಲ್ ಅರ್ಧ ಮಾಡಿದರು. ಎಪಿಕ್ಸಬಾನ್ ಮುಂದುವರಿದಿದೆ. ಮೇಷ್ಟ್ರಿಗೆ ಅದರ ಮೇಲೆ ಈಗಲೂ ಪ್ರೀತಿಯೇನಿಲ್ಲ, ಆದರೆ ಮುಂದಿನ ಭೇಟಿಗೆ ಕೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದಾರೆ: ಅಗ್ಗದ ಜನರಿಕ್ ಆಗುತ್ತಾ, ಹಲ್ಲು ಕೀಳಿಸುವಾಗ ಏನು ಮಾಡಬೇಕು.