ಗೆಳತಿ ಎಲ್ಲಿ ಹೋದಳು?

ನಮಸ್ಕಾರ.

ನಿಮ್ಮ ನೀಳ್ಗತೆಯನ್ನು ನಾವಿಬ್ಬರೂ ಎರಡೆರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ 11 ಸಾಲಿನ ಒಂದು ದೃಶ್ಯವಿದೆ. ಅದನ್ನು ಬರೆದವರಿಗೆ ‘ವಿಷಾದಿಸುತ್ತೇವೆ’ ಎಂದು ಒಂದು ಗೆರೆ ಗೀಚಿ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಉದ್ದದ ಪತ್ರ.

ನಮಗೆ ದಕ್ಕಿದ ಕಥೆ ಇದು, ನೀವು ಹೇಳಹೊರಟದ್ದೂ ಇದೇನಾ ನೋಡಿಕೊಳ್ಳಿ. 22 ವರ್ಷದ ಸುಜಾತಾ ಮನೆಯವರಿಗೆ ತಿಳಿಸದೆ ಒಂದು ಬಾಡಿಗೆ ಕೋಣೆ ಹಿಡಿಯುತ್ತಾಳೆ. ಮುಂಗಡದ ಅರ್ಧ ಹಣ ಗೆಳತಿ ಸುಮನಾಳದು, ಇಬ್ಬರೂ ಅಲ್ಲಿ ಒಟ್ಟಿಗೆ ಇರುವುದೆಂದು ಮಾತಾಗಿದೆ. ಇನ್ನೊಬ್ಬ ಗೆಳತಿ ಸುನೀತಾಗೆ ವಿಷಯ ತಡವಾಗಿ ಗೊತ್ತಾಗುತ್ತದೆ. ಸುಜಾತಾಳ ಬ್ಯಾಗಿನಲ್ಲಿ ಅಮ್ಮನಿಗೆ ಬೀಗದ ಕೈ ಸಿಗುತ್ತದೆ. ಅಮ್ಮ ತುಟಿಪಿಟಕ್ಕೆನ್ನದೆ ಅದನ್ನು ಮತ್ತೆ ಬ್ಯಾಗಿನೊಳಗೇ ಇಡುತ್ತಾಳೆ. ಆಮೇಲೆ ಜಗಳ, ಅಳು, ಕೊನೆಗೆ ಸುಜಾತಾ ಕನ್ನಡಿಯ ಮುಂದೆ ನಿಂತು ‘ನಾನು ನಾನೇ’ ಅಂದುಕೊಳ್ಳುತ್ತಾಳೆ.

ಅಮ್ಮ ಬೀಗದ ಕೈಯನ್ನು ವಾಪಸು ಇಟ್ಟಳಲ್ಲ, ಕಥೆ ಇರುವುದು ಅಲ್ಲಿ. ನಿಮ್ಮ ಹಸ್ತಪ್ರತಿ 9,200 ಪದ, 11 ಭಾಗ. ಬೀಗದ ಕೈ ಬರುವುದು 6ನೇ ಭಾಗದಲ್ಲಿ, ಸುಮಾರು 4,000 ಪದ ದಾಟಿದ ಮೇಲೆ. ಅಷ್ಟರೊಳಗೆ ಅಜ್ಜಿಯ ಮದುವೆ, ಅಪ್ಪನ ಕೆಲಸ, ಚಿಕ್ಕಪ್ಪನ ಸಾಲ ಎಲ್ಲ ಮುಗಿದಿರುತ್ತದೆ. ಮನೆತನದ ಈ ಚರಿತ್ರೆಗೇ ಮೊದಲ 1,400 ಪದ ಹೋಗಿವೆ, 300 ಸಾಕು. ಅದನ್ನೂ ಒಂದೇ ಕಡೆ ಸುರಿಯಬೇಡಿ. ಚಿಕ್ಕಪ್ಪನ ಸಾಲದ ಮಾತು ಬೇಕಾಗುವುದು ಸುಜಾತಾ ಮುಂಗಡ ಹಣ ಹೊಂದಿಸುವಾಗ, ಅಲ್ಲಿ ಎರಡು ವಾಕ್ಯದಲ್ಲಿ ಬರಲಿ.

ಆ ಒಳ್ಳೆಯ ದೃಶ್ಯದಲ್ಲೇ ಒಂದು ದೊಡ್ಡ ತಪ್ಪೂ ಇದೆ. ಕಥೆ ಹೇಳುವವಳು ಸುಜಾತಾ, ‘ನಾನು’ ಎಂದೇ ಹೇಳುತ್ತಾಳೆ. ಅಮ್ಮ ಬ್ಯಾಗು ತೆರೆಯುವಾಗ ಅವಳು ಸ್ನಾನಕ್ಕೆ ಹೋಗಿದ್ದಾಳೆ. ಹಾಗಿದ್ದರೆ ಅಮ್ಮನ ಬೆರಳು ನಡುಗಿದ್ದನ್ನು ಕಂಡವರು ಯಾರು? ಓದುಗರು ಇದನ್ನು ಹೆಸರಿಟ್ಟು ಹೇಳಲಾರರು, ಆದರೆ ಆ ಸಾಲಿನಿಂದಾಚೆಗೆ ನಿರೂಪಕಿಯ ಮೇಲಿನ ನಂಬಿಕೆ ಸಡಿಲವಾಗುತ್ತದೆ. ಸರಿಪಡಿಸಲು ಎರಡು ದಾರಿ. ಇಡೀ ಕಥೆಯನ್ನು ಪ್ರಥಮ ಪುರುಷಕ್ಕೆ, ಅಂದರೆ ‘ನಾನು’ ಬದಲು ‘ಅವಳು’ ಎಂದು ಹೇಳುವ ರೀತಿಗೆ, ತಿರುಗಿಸಿ ಅಮ್ಮನ ಮನಸ್ಸಿನೊಳಗೂ ಹೋಗಿಬರಬಹುದು. ನಮಗೆ ಅದು ಇಷ್ಟವಿಲ್ಲ, ಅಮ್ಮ ಏನು ಯೋಚಿಸಿದಳೆಂದು ಗೊತ್ತಾದ ತಕ್ಷಣ ಆ ಮೌನದ ಬೆಲೆ ಇಳಿಯುತ್ತದೆ. ಎರಡನೆಯದು ಹೀಗೆ: ಸುಜಾತಾ ಬೀಗದ ಕೈಯನ್ನು ಒಳಗಿನ ಚಿಕ್ಕ ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಳು. ಈಗ ಅದು ಅದೇ ಜೇಬಿನಲ್ಲಿದೆ, ಕರವಸ್ತ್ರದ ಮಡಿಕೆ ಮಾತ್ರ ಬೇರೆ. ತಾನು ಮಡಿಸುವ ರೀತಿ ಅದಲ್ಲ, ಅಮ್ಮನದು. ಇಷ್ಟೇ ಸಾಕು. ಅಮ್ಮನಿಗೆ ಗೊತ್ತಾಗಿದೆ ಎಂದು ಮಗಳಿಗೆ ಗೊತ್ತಾಯಿತು. ಅದು ಅಮ್ಮನಿಗೆ ಗೊತ್ತೋ ಇಲ್ಲವೋ ಮಗಳಿಗೆ ಗೊತ್ತಿಲ್ಲ. ಈ ಮುಸುಕಿನ ಆಟ ಕನಿಷ್ಠ ಎರಡು ಭಾಗ ನಡೆಯಲಿ. ಈಗ ನೀವು ಮರುದಿನವೇ ಜಗಳ ತಂದು ಅದನ್ನು ಕೊಂದಿದ್ದೀರಿ. 11 ಸಾಲು 900 ಪದವಾಗುವಷ್ಟು ಸರಕು ಅಲ್ಲಿದೆ.

ನೀವು ಜೊತೆಗಿಟ್ಟ ಪತ್ರದಲ್ಲಿ ಇದು ‘ಹೆಣ್ಣಿನ ಅಸ್ಮಿತೆಯ ಹುಡುಕಾಟ’ ಎಂದಿದ್ದೀರಿ. ಕಥೆಯೊಳಗೂ ಸುಜಾತಾ ನಾಲ್ಕು ಸಲ ತಾನು ಯಾರೆಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ನಾಲ್ಕನ್ನೂ ತೆಗೆಯಿರಿ. ಆ ವಯಸ್ಸಿನಲ್ಲಿ ಒಬ್ಬಳು ಯಾರೆಂಬುದು ಕಾಣಿಸುವುದು ಅವಳು ಯಾರಿಂದ ಏನನ್ನು ಮುಚ್ಚಿಡುತ್ತಾಳೆ ಎಂಬುದರಲ್ಲಿ. ಅಮ್ಮನಿಗೆ ಗೊತ್ತಿರುವ ಸುಜಾತಾ ಒಬ್ಬಳು, ಸುಮನಾಗೆ ಗೊತ್ತಿರುವವಳು ಇನ್ನೊಬ್ಬಳು. ಇಬ್ಬರಿಗೂ ಅವಳು ಸುಳ್ಳು ಹೇಳಿಲ್ಲ, ಅರ್ಧರ್ಧ ಹೇಳಿದ್ದಾಳೆ. ಆ ಎರಡು ಅರ್ಧಗಳು ಒಂದೇ ಕೋಣೆಯಲ್ಲಿ ಎದುರುಬದುರಾದಾಗ ಕಥೆ ಬಿಸಿಯೇರುತ್ತದೆ. ಆದರೆ ಅಮ್ಮ ಮತ್ತು ಸುಮನಾ ನಿಮ್ಮ 11 ಭಾಗಗಳಲ್ಲಿ ಒಮ್ಮೆಯೂ ಮುಖಾಮುಖಿಯಾಗುವುದಿಲ್ಲ!

ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಅಮ್ಮ, ಸುಮನಾ, ಸುನೀತಾ ಎಂದು ಬರೆಯಿರಿ, ಉದ್ದಕ್ಕೆ 1ರಿಂದ 11ರವರೆಗೆ ಭಾಗಗಳ ಸಂಖ್ಯೆ. ಪ್ರತಿ ಮನೆಯಲ್ಲಿ, ಆ ಭಾಗ ಮುಗಿಯುವ ಹೊತ್ತಿಗೆ ಅವಳಿಗೆ ಕೋಣೆಯ ಬಗ್ಗೆ ಏನು ಗೊತ್ತು, ಯಾರಿಂದ ಗೊತ್ತಾಯಿತು ಎಂದು ತುಂಬಿ. ಯಾವ ಸಾಲಿನಲ್ಲಿ ಒಂದು ಮನೆಯೂ ಬದಲಾಗುವುದಿಲ್ಲವೋ ಆ ಭಾಗ ಬಹುಶಃ ಬೇಡ. ನಾವು ತುಂಬಿ ನೋಡಿದಾಗ 2, 3, 5 ಮತ್ತು 9 ಹಾಗೆಯೇ ಉಳಿದವು. 5ನೇ ಭಾಗದ ಬಸ್ ಪ್ರಯಾಣ ಓದಲು ಚೆನ್ನಾಗಿದೆ ನಿಜ. ಬೇರೆ ಕಥೆಗೆ ಇಟ್ಟುಕೊಳ್ಳಿ.

ಈಗ ಸುಮನಾ. ನಿಮ್ಮ ಮೇಲೆ ನಮಗೆ ನಿಜವಾದ ತಕರಾರಿರುವುದು ಇವಳ ವಿಷಯದಲ್ಲಿ. ಅಮೆರಿಕದ ವ್ಯಂಗ್ಯಚಿತ್ರಕಲಾವಿದೆ ಆಲಿಸನ್ ಬೆಕ್ಡೆಲ್ 1985ರ ಒಂದು ಚಿತ್ರಪಟ್ಟಿಯಲ್ಲಿ ಪಾತ್ರವೊಂದರ ಬಾಯಲ್ಲಿ ಸಿನಿಮಾಗಳಿಗೆ ಒಂದು ಅಳತೆಗೋಲು ಹೇಳಿಸಿದರು: ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಆಗಿರಬೇಕು. ನಿಮ್ಮ ಕಥೆ ಇದರಲ್ಲಿ ಸಲೀಸಾಗಿ ಪಾಸು. ಆದರೆ ‘ಗಂಡಸು’ ಇದ್ದ ಜಾಗದಲ್ಲಿ ‘ನಾಯಕಿ’ ಎಂದು ಹಾಕಿ ನೋಡಿ. ಗೆಳತಿಯರ ನಡುವೆ ಒಟ್ಟು 14 ಸಂಭಾಷಣೆಗಳಿವೆ, 12 ಸುಜಾತಾಳ ಕಷ್ಟದ ಬಗ್ಗೆಯೇ. ಸುಮನಾ ಕೇಳುತ್ತಾಳೆ, ಸಮಾಧಾನ ಹೇಳುತ್ತಾಳೆ, ದುಡ್ಡು ಕೊಡುತ್ತಾಳೆ. ಅವಳಿಗೂ ಒಂದು ಮನೆ ಇರಬೇಕಲ್ಲ? ಆ ಮನೆ ಬಿಡುವುದಕ್ಕೆ ಅವಳ ಕಾರಣ ಏನು? 8ನೇ ಭಾಗದಲ್ಲಿ ಸುಜಾತಾ ‘ಈಗ ಬರಲಾರೆ’ ಎನ್ನುತ್ತಾಳೆ, ಸುಮನಾ ‘ಪರವಾಗಿಲ್ಲ ಬಿಡು’ ಎನ್ನುತ್ತಾಳೆ, ಅಲ್ಲಿಗೆ ಕಥೆಯಿಂದಲೇ ಮಾಯ. ಮುಂಗಡ ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಿ, ತನ್ನ ಮನೆಯಲ್ಲಿ ಜಗಳವನ್ನೂ ಮಾಡಿಕೊಂಡಿರಬಹುದಾದ ಹುಡುಗಿ ‘ಪರವಾಗಿಲ್ಲ’ ಎಂದರೆ ಸಾಕೇ? ಪೂರ್ತಿ ಬಾಡಿಗೆ ಅವಳೊಬ್ಬಳೇ ಕಟ್ಟುತ್ತಾಳಾ, ಮೂರನೆಯವಳನ್ನು ಹುಡುಕುತ್ತಾಳಾ, ಬಿಟ್ಟುಬಂದ ಮನೆಗೇ ತಲೆತಗ್ಗಿಸಿ ಹೋಗುತ್ತಾಳಾ? ಅಮ್ಮನ ಮೌನಕ್ಕೆ ಮಗಳು ಸೋತದ್ದರ ಬೆಲೆ ತೆತ್ತವಳು ಗೆಳತಿ. ನಿಮ್ಮ ಕೊನೆಯ ದೃಶ್ಯ ಇಲ್ಲಿದೆ, ಕನ್ನಡಿಯಲ್ಲಿಲ್ಲ. ಸುಜಾತಾಳ ಹತ್ತಿರ ಇನ್ನೂ ಬೀಗದ ಕೈ ಇದೆ ಎಂಬುದನ್ನು ಮರೆತಿದ್ದೀರಿ. ಅದನ್ನು ಹಿಂತಿರುಗಿಸಲು ಅವಳು ಸುಮನಾ ಎದುರು ನಿಲ್ಲಲೇಬೇಕು.

ಸುನೀತಾ ಇರಬೇಕೆಂದರೆ ಅವಳಿಗೆ ಒಂದೇ ಕೆಲಸ ಕೊಡಿ. ಮೂವರು ಗೆಳತಿಯರಲ್ಲಿ ವಿಷಯ ಕೊನೆಗೆ ತಿಳಿದವಳ ನೋವು ವಿಷಯಕ್ಕಿಂತ ದೊಡ್ಡದು. ಅರ್ಧ ಪುಟದ ದೂರು ಅವಳ ಬಾಯಲ್ಲಿ ಬೇಡ, ‘ರೂಮು ಮಾಡಿದ್ದೀರಂತೆ’ ಎಂದರೆ ಸಾಕು. ಆ ‘ಅಂತೆ’ಯೊಳಗೆ ಬೇರೆಯವರಿಂದ ಕೇಳಿದ್ದೂ ಇದೆ, ನೀವಾಗಿ ಹೇಳಲಿಲ್ಲವಲ್ಲ ಎಂಬುದೂ ಇದೆ.

ಹೆಸರುಗಳು: ಸುಜಾತಾ, ಸುಮನಾ, ಸುನೀತಾ. ಮೂರೂ ‘ಸು’, ಮೂರೂ ಮೂರಕ್ಷರ. ಕಣ್ಣು ಮೊದಲ ಅಕ್ಷರ ಹಿಡಿದು ಓಡುತ್ತದೆ, ನಾವು ಎರಡು ಕಡೆ ಹಿಂದೆ ಹೋಗಿ ಯಾರೆಂದು ನೋಡಬೇಕಾಯಿತು. ಒಂದನ್ನು ಉಳಿಸಿ ಎರಡನ್ನು ಬದಲಿಸಿ.

ಹೆಂಗಸರೇ ತುಂಬಿದ ಕಥೆಯಲ್ಲಿ ಸರ್ವನಾಮವೂ ಕೈಕೊಡುತ್ತದೆ. 7ನೇ ಭಾಗದ ಒಂದೇ ಪ್ಯಾರಾದಲ್ಲಿ ಮೂವರಿಗಾಗಿ ಒಂಬತ್ತು ‘ಅವಳು’ ಬಂದಿವೆ. ಕನ್ನಡದಲ್ಲಿ ಇದಕ್ಕೆ ಉಪಾಯ ಉಂಟು. ‘ಸುಮನಾ ತನ್ನ ಹಣ ಕೇಳಿದಳು’ ಎಂದರೆ ಹಣ ಸುಮನಾಳದೇ. ‘ಅವಳ ಹಣ ಕೇಳಿದಳು’ ಎಂದರೆ ಇನ್ನೊಬ್ಬಳದು. ನೀವು ಮೊದಲನೆಯದು ಬೇಕಾದ ಕಡೆ ಎರಡನೆಯದನ್ನು ಬರೆದು ಸುಮನಾಳನ್ನು ಸಾಲಗಾರ್ತಿ ಮಾಡಿದ್ದೀರಿ. ಕ್ರಿಯಾಪದವೇ ಯಾರೆಂದು ಹೇಳುವಲ್ಲಿ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. ಹಾಗೆಯೇ ಅಮ್ಮ ಒಂದು ಕಡೆ ‘ಹೇಳಿದಳು’, ಇನ್ನೊಂದು ಕಡೆ ‘ಹೇಳಿದರು’. ಯಾವುದಾದರೊಂದನ್ನು ಹಿಡಿಯಿರಿ. ಬದಲಿಸಿದರೆ ಬೇಕೆಂದೇ ಬದಲಿಸಿ: ಹುಟ್ಟಿದಾಗಿನಿಂದ ‘ನೀನು’ ಎನ್ನುತ್ತಿದ್ದ ಮಗಳು ಒಂದೇ ಒಂದು ಸಲ ಅಮ್ಮನಿಗೆ ‘ನೀವು ಹೇಳಿದ ಹಾಗೆ’ ಎಂದರೆ, ನಿಮ್ಮ ಎರಡು ಪುಟದ ಕಿರುಚಾಟಕ್ಕಿಂತ ಚುಚ್ಚುತ್ತದೆ.

ಆ ಕಿರುಚಾಟದಲ್ಲಿ ಅಮ್ಮ ಮಾತಾಡುವುದಿಲ್ಲ, ಭಾಷಣ ಮಾಡುತ್ತಾಳೆ. ‘ಸಮಾಜ’ ಎಂಬ ಪದ ಐದು ಸಲ ಬಂದಿದೆ. ಮಗಳು ಹೋದರೆ ಈ ಅಮ್ಮನಿಗೆ, ಇದೇ ಮನೆಯಲ್ಲಿ, ಏನು ಕಡಿಮೆಯಾಗುತ್ತದೆ? ರಾತ್ರಿ ಅಪ್ಪನ ಎದುರು ಒಬ್ಬಳೇ ಕೂತು ಊಟ ಮಾಡಬೇಕಾಗುತ್ತದೆ ಎಂಬ ಕಾರಣ ಸಣ್ಣದಿರಬಹುದು, ಆದರೆ ಅದು ಅವಳದೇ. ಅದನ್ನು ಬಾಯಿಬಿಟ್ಟು ಹೇಳಿಸಬೇಡಿ. ಜಗಳದ ದೃಶ್ಯವನ್ನು ಹೀಗೊಮ್ಮೆ ಬರೆದು ನೋಡಿ: ಇಬ್ಬರೂ ಒಣಗಿದ ಹಾಸಿಗೆ ಹೊದಿಕೆ ಮಡಿಸುತ್ತಿದ್ದಾರೆ. ಎರಡೆರಡು ತುದಿ ಹಿಡಿದಿದ್ದಾರೆ, ಪ್ರತಿ ಮಡಿಕೆಗೂ ಹತ್ತಿರ ಬರಲೇಬೇಕು, ಬೆರಳು ತಾಗುತ್ತದೆ. ಬಾಯಲ್ಲಿ ಬರುವುದು ಹೊದಿಕೆಯ ಮಾತು ಮಾತ್ರ, ಕೋಣೆಯ ಹೆಸರೆತ್ತುವ ಹಾಗಿಲ್ಲ. 400 ಪದ ಮೀರಬೇಡಿ.

ವಾಟ್ಸಾಪ್ ಸಂದೇಶಗಳು ಎರಡು ಪುಟ ಇವೆ. ಉತ್ತರ ಬಾರದ ಒಂದನ್ನು ಉಳಿಸಿ. ರೆಕ್ಕೆ, ಪಂಜರ, ಆಕಾಶ ಈ ಮೂರನ್ನೂ ಕಥೆಯಿಂದ ಓಡಿಸಿ, ಶೀರ್ಷಿಕೆಯಿಂದಂತೂ ಮೊದಲು.

ತಿದ್ದಿದ ಮೇಲೆ ಒಟ್ಟು 7,000 ಪದದೊಳಗೆ ನಿಲ್ಲಬಹುದೆಂದು ನಮ್ಮ ಅಂದಾಜು. ಆದರೆ ಸದ್ಯಕ್ಕೆ ಪೂರ್ತಿ ಕಥೆ ಕಳಿಸಬೇಡಿ. ಬೀಗದ ಕೈಯ ದೃಶ್ಯ, ಮತ್ತು ಸುಜಾತಾ ಅದನ್ನು ಹಿಂತಿರುಗಿಸಲು ಹೋಗುವ ಹೊಸ ದೃಶ್ಯ, ಎರಡೇ ಸಾಕು. ಹಾಳೆಯ ತಲೆಯಲ್ಲಿ ಸುಮನಾಳ ಹೊಸ ಹೆಸರು ಬರೆದಿಡಿ, ಬಾಗಿಲು ತೆರೆದವಳು ಯಾರೆಂದು ನಮಗೆ ಗೊತ್ತಾಗಬೇಕು.