ಜ್ವರ ಹರಡಿರುವಾಗ ಭಾನುವಾರದ ಆರಾಧನೆ

ಪ್ರಶ್ನೆ: ನಾನು ನಮ್ಮ ಸಭೆಯ ಕಾರ್ಯದರ್ಶಿ. ಎಲ್ಲ ಕಡೆ ಫ್ಲೂ ಜ್ವರ, ಕೆಮ್ಮು. ಚರ್ಚ್ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದೇವೆ, ಬೆಂಚು ಒರೆಸುತ್ತೇವೆ. ಆದರೂ ಹಾಡುವ ಬಳಗವಾದ ಕಾಯರ್‌ನವರು ಒಬ್ಬರಾದ ಮೇಲೆ ಒಬ್ಬರು ಮಲಗುತ್ತಿದ್ದಾರೆ. ಪ್ರಭುಭೋಜನದಲ್ಲಿ ದ್ರಾಕ್ಷಾರಸ ಕುಡಿಯಲು ಎಲ್ಲರಿಗೂ ಒಂದೇ ಪಾತ್ರೆ ಸದ್ಯಕ್ಕೆ ಬೇಡ ಅಂದರೆ ಹಿರಿಯರು "ನಂಬಿಕೆ ಇಲ್ವಾ?" ಅಂತಾರೆ. ಏನು ಮಾಡಲಿ ಡಾಕ್ಟರೇ?

ಉತ್ತರ: ಕಾಯರ್‌ನಿಂದಲೇ ಶುರು ಮಾಡೋಣಮ್ಮ. ನಾನೂ ಕಾಯರ್‌ನಲ್ಲಿ ಹಾಡುವವಳು, ಅದಕ್ಕೇ ಇದನ್ನು ಹೇಳಲು ಸಂಕಟ. ಮಾತಾಡುವುದಕ್ಕಿಂತ ಗಟ್ಟಿಯಾಗಿ ಹಾಡುವಾಗ ಬಾಯಿಂದ ಸಣ್ಣ ಹನಿಗಳು ತುಂಬಾ ಜಾಸ್ತಿ ಹೊರಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಾಳಿಯಲ್ಲೇ ನಿಲ್ಲುತ್ತವೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಚರ್ಚೊಂದರಲ್ಲಿ 61 ಜನ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು. ಕೊನೆಗೆ 53 ಜನರಲ್ಲಿ ಕೋವಿಡ್ ಕಾಣಿಸಿತು, ಇಬ್ಬರು ತೀರಿಕೊಂಡರು. ಅಲ್ಲೂ ಸ್ಯಾನಿಟೈಸರ್ ಇತ್ತು, ಕೈ ಕುಲುಕಿರಲೂ ಇಲ್ಲ.

ಹಾಗಾಗಿ ಬೆಂಚು ಒರೆಸುವ ಶ್ರಮದಲ್ಲಿ ಅರ್ಧವನ್ನು ಕಿಟಕಿಗೆ ಕೊಡಿ. ಎದುರುಬದುರು ಕಿಟಕಿಗಳನ್ನು ಆರಾಧನೆಗೆ ಮೊದಲೇ ತೆರೆಯಿರಿ, ಮುಗಿಯುವ ತನಕ ಮುಚ್ಚಬೇಡಿ. ಅಭ್ಯಾಸ ಹೊರಗೆ ಬಯಲಲ್ಲಿ ನಡೆಯಲಿ. ಹಾಡಿನ ಎಲ್ಲ ಚರಣಗಳನ್ನೂ ಹಾಡಲೇಬೇಕೆಂದಿಲ್ಲ. ವಯಸ್ಸಾದವರು, ಗರ್ಭಿಣಿಯರು, ಉಸಿರಾಟದ ತೊಂದರೆ ಇರುವವರು ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿಕೊಳ್ಳಲಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಜ್ವರ ಇದ್ದರೂ ಜನ ಯಾಕೆ ಬರುತ್ತಾರೆ? ಭಕ್ತಿ ಒಂದು ಕಾರಣ. ಇನ್ನೊಂದು, ತಾನು ಹೋಗದಿದ್ದರೆ ಕೀಬೋರ್ಡ್ ನುಡಿಸುವವರಿಲ್ಲ, ಸಂಡೇ ಸ್ಕೂಲ್ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂಬ ಚಿಂತೆ. ಪ್ರತಿ ಕೆಲಸಕ್ಕೂ ಇಬ್ಬರನ್ನು ಗೊತ್ತುಮಾಡಿ. ಸಭೆಯ ಪಾಸ್ಟರ್ ಆದ ಅಯ್ಯನವರಿಗೂ ಇದೇ ನಿಯಮ, ಅವರ ಬದಲಿಗೆ ಪ್ರಸಂಗ ಓದಲು ಒಬ್ಬರು ತಯಾರಿರಲಿ. "ಹುಷಾರಿಲ್ಲದಿದ್ದರೆ ಮನೆಯಲ್ಲೇ ಇರಿ, ಅದೂ ಸಭೆಯ ಸೇವೆಯೇ" ಎಂದು ಅವರೇ ಪೀಠದಿಂದ ಹೇಳಬೇಕು. ನಾವು ನೂರು ಸಲ ಹೇಳಿದರೂ ಅಷ್ಟು ನಾಟುವುದಿಲ್ಲ, ಅಲ್ವಾ? ಫ್ಲೂ ಇರುವವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಬಲ್ಲರು, ಆಮೇಲೂ 5ರಿಂದ 7 ದಿನ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ, ಉಳಿದ ಲಕ್ಷಣಗಳೂ ತಗ್ಗುತ್ತಿದ್ದರೆ, ಮಾಸ್ಕ್ ಹಾಕಿಕೊಂಡು ಬರಲಿ.

ಇನ್ನು ಪಾತ್ರೆ. ಗಾಳಿಯಷ್ಟು ಅಪಾಯ ಅದರಲ್ಲಿಲ್ಲ, ಆದರೆ ಅಪಾಯವೇ ಇಲ್ಲ ಎನ್ನಲಾರೆ. ರೋಗಾಣು ಸಾಯಲು ಕೈಗೆ ಹಚ್ಚುವ ದ್ರಾವಣದಲ್ಲಿ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಬೇಕು, ದ್ರಾಕ್ಷಾರಸದಲ್ಲಿ ಅಷ್ಟು ಎಲ್ಲಿರುತ್ತದೆ? ಅಂಚು ಒರೆಸಿದರೂ ಎಲ್ಲ ಹೋಗುವುದಿಲ್ಲ. ರೊಟ್ಟಿ ಅದ್ದುವುದೂ ಬೇಡ, ಬೆರಳು ರಸಕ್ಕೆ ತಾಗುತ್ತದೆ. ಒಬ್ಬೊಬ್ಬರಿಗೂ ಪುಟ್ಟ ಲೋಟ ಕೊಡಿ, ಇಲ್ಲವೇ ರೊಟ್ಟಿ ಮಾತ್ರ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಹರಡಿದಾಗ ಇಂಗ್ಲೆಂಡಿನ ಆರ್ಚ್‌ಬಿಷಪ್‌ರು ಹಂಚಿಕೊಳ್ಳುವ ಪಾತ್ರೆಯನ್ನು ನಿಲ್ಲಿಸಲು ತಾವೇ ಸಲಹೆ ಕೊಟ್ಟಿದ್ದರು.

ಹಿರಿಯರಿಗೆ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಹೆಸರು ಹೇಳಿ. 1527ರಲ್ಲಿ ಜರ್ಮನಿಯಲ್ಲಿ ಅವರ ಊರಾದ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಅವರು ಊರು ಬಿಡದೆ ರೋಗಿಗಳ ಸೇವೆ ಮಾಡಿದರು. ಆದರೂ ಔಷಧಿ ತಗೊಳ್ಳಿ, ಮನೆಗೆ ಹೊಗೆ ಹಾಕಿ, ಅಗತ್ಯವಿಲ್ಲದ ಕಡೆ ಹೋಗಬೇಡಿ ಎಂದು ಬರೆದರು. ಅವರಿಗೆ ನಂಬಿಕೆ ಕಡಿಮೆ ಇತ್ತು ಎಂದು ಯಾರೂ ಹೇಳಲಾರರು.

ಮನೆಯಲ್ಲಿ ಉಳಿದವರನ್ನು ಮಾತ್ರ ಸುಮ್ನೆ ಬಿಡಬೇಡಿ. ಒಬ್ಬೊಬ್ಬರ ಪಾಲಿಗೆ ಕೆಲವು ಮನೆ ಹಂಚಿ, ದಿನಾ ಫೋನ್ ಮಾಡಲಿ, ಊಟ ಬಾಗಿಲಲ್ಲಿಟ್ಟು ಬರಲಿ. ಒಂಟಿಯಾಗಿರುವ ಹಿರಿಯರಿಗೆ ಎರಡು ಹೊತ್ತೂ ಫೋನ್ ಮಾಡಲಿ. ಏದುಸಿರು, ಎದೆನೋವು, ಮಾತಿನಲ್ಲಿ ಗೊಂದಲ, ಇಳಿದ ಜ್ವರ ಮತ್ತೆ ಏರುವುದು, ಮಗು ನೀರೂ ಕುಡಿಯದಿರುವುದು: ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಫೋನ್ ಮಾಡುವ ಪ್ರತಿಯೊಬ್ಬರಿಗೂ ಇದನ್ನು ಬರೆದು ಕೊಡಿ.