ರಿಸೀಟ್ ಅಂತ ಓದುವ ಪದದಲ್ಲಿ 'ಪಿ' ಅಕ್ಷರ ಯಾಕಿದೆ?

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ನಮ್ಮಕ್ಕನ ಮಗಳು ಚೀಟಿ ನೋಡಿ 'ರಿಸೀಪ್ಟ್' ಅಂತ ಓದಿದಳು. ಪಕ್ಕದಲ್ಲಿದ್ದವರು ನಕ್ಕರು. ನನಗೆ ಬೇಜಾರಾಯಿತು. ಬರೆದದ್ದನ್ನೆಲ್ಲ ಓದುವುದು ಕನ್ನಡ ಕಲಿತ ಮಕ್ಕಳ ಅಭ್ಯಾಸ, ಅಲ್ವಾ?

ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಬಾಯಲ್ಲಿ 'ಪಿ' ಇರಲಿಲ್ಲ. ಮೂಲ ಲ್ಯಾಟಿನ್‌ನ 'ರೆಸೆಪ್ಟಾ'ದಲ್ಲಿ ಇದೆಯಲ್ಲ ಅಂತ ಓದು ಬಲ್ಲವರು ಬರವಣಿಗೆಗೆ ಸೇರಿಸಿದರು. ಜನ ಮಾತ್ರ ಮೊದಲಿನ ಹಾಗೇ ಹೇಳುತ್ತಾ ಹೋದರು. ಸಾಲ ಅನ್ನುವ ಅರ್ಥದ 'ಡೆಟ್'ನಲ್ಲಿರುವ 'ಬಿ' ಕೂಡ ಹೀಗೇ ಸೇರಿದ್ದು. ಆದರೆ ಇದೇ ಬಗೆಯ, ಮೋಸ ಅನ್ನುವ ಅರ್ಥದ 'ಡಿಸೀಟ್'ನಲ್ಲಿ ಈಗ 'ಪಿ' ಇಲ್ಲ.

ಇನ್ನೊಂದು ಮಾತು. ನಮ್ಮ 'ರಸೀದಿ' ಈ ರಿಸೀಟ್‌ನಿಂದ ಹುಟ್ಟಿದ್ದಲ್ಲ. ಅದು ಪರ್ಷಿಯನ್ ಪದ. 'ತಲುಪಿತು' ಅಂತ ಅರ್ಥ.